ಪದಚರ್ಚೆ: ಬೇಕೆಂದಾಗ ಬಿಟ್ಟುಬರುವ ಅಂಟಿಗೆ ಏನನ್ನೋಣ? (ತುರ್ತು)

ನಮಸ್ಕಾರ. ಎಲೆಕ್ಟ್ರಾನಿಕ್ಸ್ ರಿಪೇರಿ ಕಲಿಸುವ ನಮ್ಮ ಲ್ಯಾಬಿಗೆ ಒಂದು ಫಲಕ ಬೇಕು. ಸಂಜೆ ನಾಲ್ಕರೊಳಗೆ ಫ್ಲೆಕ್ಸ್ ಅಂಗಡಿಗೆ ಕಳಿಸಬೇಕು. ದೊಡ್ಡ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟುಕೊಳ್ಳುವ ಬಿಡಿಭಾಗ) ಅಲುಗಾಡದಂತೆ ಬುಡಕ್ಕೆ ಹಚ್ಚುವ, ಮುಂದೆ ಅದನ್ನು ಬದಲಿಸುವಾಗ ಬೋರ್ಡಿಗೆ ಪೆಟ್ಟಾಗದೆ ಬಿಟ್ಟುಬರುವ ಅಂಟಿಗೆ ಚಿಕ್ಕ ಪದ ಹೇಳಿ. ‘ನಿವಾರಣೀಯ ಅಂಟು’ ಎಂದು ಬರೆದಿದ್ದೆ, ಹುಡುಗರು ನಕ್ಕರು. ‘ನ್ಯೂಟ್ರಲ್ ಕ್ಯೂರ್ ಸಿಲಿಕೋನ್’ (ಒಣಗುವಾಗ ಆಸಿಡ್ ಬಿಡದ ಸಿಲಿಕೋನ್ ಅಂಟು) ಅನ್ನುವುದಕ್ಕೂ ಏನಾದರೂ ಬೇಕು.

*

ಕೀಳಂಟು. ಲೋಪಸಂಧಿ. ಮುಗಿಯಿತು. ‘ನಿವಾರಣೀಯ’ ರೋಗಗಳಿಗಿರಲಿ.

*

ಕೀಳರಿಮೆ, ಕೀಳ್ಮಟ್ಟ, ಈಗ ಕೀಳಂಟು! ಕಳಪೆ ಅಂಟು ಎಂದೇ ಓದುತ್ತಾರೆ ಸ್ವಾಮಿ. ‘ವಿಯೋಜ್ಯ ಬಂಧಕ’ ಎನ್ನಿ, ಅರ್ಥ ಖಚಿತ.

*

ಬಂಧಕ ಅಂದ್ರೆ ಯಾರನ್ನೋ ಒತ್ತೆ ಇಟ್ಕೊಂಡ ಹಾಗಿದೆ. ನಾನು ಟಿವಿ ರಿಪೇರಿ ಮಾಡೋನು. ಅಂಗಡೀಲಿ ‘ಗಮ್ ಎದ್ದು ಬರುತ್ತೆ’, ‘ಎದ್ದು ಬರಲ್ಲ’ ಅಂತೀವಿ, ಅಷ್ಟೆ. ಹಾಟ್ ಗ್ಲೂ, ಅಂದ್ರೆ ಕಾಯಿಸಿ ಕರಗಿಸಿ ಹಚ್ಚೋ ಗಮ್, ಅದರ ಅಂಚಿಗೆ ಎರಡು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ, ಚಕ್ಕೆ ಥರ ಎದ್ದು ಬರುತ್ತೆ. ಇಪಾಕ್ಸಿ, ಅಂದ್ರೆ ಎರಡು ಟ್ಯೂಬ್ ಬೆರೆಸಿ ಹಚ್ಚೋ ಗಟ್ಟಿ ಗಮ್, ಅದನ್ನ ಕೀಳೋಕೆ ಹೋದರೆ ಬೋರ್ಡಿನ ತಾಮ್ರವೇ ಕಿತ್ತುಕೊಂಡು ಬಂದೀತು. ಇನ್ನು ಸಿಲಿಕೋನ್. ಟ್ಯೂಬ್ ಮೂಸಿ ನೋಡಿ, ವಿನೆಗರ್ ವಾಸನೆ ಹೊಡೆದರೆ ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತೆ, ತಾಮ್ರ ತಿನ್ನುತ್ತೆ. ‘ಹುಳಿ ವಾಸನೆ ಇಲ್ಲದ ಸಿಲಿಕೋನ್’ ಅಂತ ಬರೀರಿ, ಹುಡುಗರಿಗೆ ಮೂಗಿದೆ. ಹಳೇ ಸೆಟ್‌ಗಳಲ್ಲಿ ಕಂಪನಿಯವರೇ ಹಾಕಿದ ಹಳದಿ ಗಮ್ ಕಾದು ಕಾದು ಕಂದು ಬಣ್ಣಕ್ಕೆ ತಿರುಗಿ, ಕರೆಂಟೇ ಹರಿಸೋದನ್ನ ನೋಡಿದೀನಿ.

*

‘ಗಮ್’ ಬಂತು. ನಾಳೆಯಿಂದ ಅಂಟಿನುಂಡೆಗೆ ಗಮ್ ಬಾಲ್ ಎನ್ನೋಣ. ‘ಅಂಟು’ ಎನ್ನಲು ನಮಗೇನು ಬಂದಿದೆ ರೋಗ?

*

ಅಂಟುರೋಗ. ಅಲ್ಲ, ಕುರ್ಚಿ ಅರಬ್ಬಿಯದು, ಚಾವಿ ಪೋರ್ಚುಗೀಸರದು. ತಾವು ನೆಲದ ಮೇಲೆ ಕೂತು ಬರೆಯುತ್ತಿದ್ದೀರೋ?

*

ಕುರ್ಚಿ ಎಂಬ ಮಾತು ಬಂದದ್ದು ಕುರ್ಚಿಯ ಜೊತೆಗೆ. ಅಂಟು ನಮ್ಮಲ್ಲಿ ಮೊದಲೇ ಇತ್ತು. ‘ವಿಯೋಜ್ಯ’ಕ್ಕೂ ಇದೇ ಮಾತು.

*

ನಾಲ್ಕಕ್ಕೆ ಹತ್ತು ನಿಮಿಷ ಇತ್ತು, ಕಳಿಸಿಬಿಟ್ಟೆ: ‘ಎದ್ದು ಬರುವ ಅಂಟನ್ನೇ ಹಚ್ಚಿ. ಹುಳಿ ವಾಸನೆಯ ಸಿಲಿಕೋನ್ ಬೇಡ.’ ಟಿವಿ ಅಣ್ಣನಿಗೆ ಥ್ಯಾಂಕ್ಸ್. ಫ್ಲೆಕ್ಸ್ ಹುಡುಗ ‘ಅಂಟನ್ನೇ’ ಬದಲು ‘ಅಂಟೆನ್ನ’ ಎಂದು ಟೈಪ್ ಮಾಡಿದ್ದ, ತಿದ್ದಿಸಿದೆ.