ಕಂಬಳದ ಫೋಟೊಗೆ ಗುಂಪಾಗಿ ಹೋಗುವುದು: ಎಲ್ಲಿ ನಿಲ್ಲಬೇಕು, ಏನು ಒಯ್ಯಬೇಕು?

ಪ್ರಶ್ನೆ, ಬೆಂಗಳೂರಿನಿಂದ:
ನಾವು ಐವರು ಗೆಳೆಯರು ಈ ಸಲ ಮೂಡುಬಿದಿರೆ ಕಂಬಳಕ್ಕೆ ಹೊರಟಿದ್ದೇವೆ. ಒಬ್ಬನ ಹತ್ತಿರ 70-200 ಎಫ್ 2.8 ಲೆನ್ಸ್ ಇದೆ, ಇಬ್ಬರ ಹತ್ತಿರ 100-400, ಉಳಿದಿಬ್ಬರದು ಕ್ಯಾಮೆರಾ ಜೊತೆ ಬರುವ ಬರೀ ಕಿಟ್ ಲೆನ್ಸ್. ಕರೆಯ, ಅಂದರೆ ಕೋಣ ಓಡುವ ಕೆಸರಿನ ಹಾದಿಯ, ಯಾವ ಭಾಗದಲ್ಲಿ ನಿಂತರೆ ಒಳ್ಳೆಯದು? ರಾತ್ರಿ ಯಾವ ಸೆಟ್ಟಿಂಗ್? ಕೆಸರಿನಿಂದ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ? ಗೊತ್ತಿರುವವರು ದಯವಿಟ್ಟು ತಿಳಿಸಿ.

ಕಾರ್ಕಳದಿಂದ:
ಮೊದಲು ಜಾಗದ ವಿಷಯ. ಕೋಣ ಬಿಡುವ ತುದಿ ಗಂತು, ಓಟ ಮುಗಿಯುವ ಏರು ಮಂಜೊಟ್ಟಿ. ಹೊಸಬರೆಲ್ಲ ಕೋಣ ಎದುರಿಗೆ ಬರುತ್ತದಲ್ಲ ಎಂದು ಮಂಜೊಟ್ಟಿಗೇ ಓಡುತ್ತಾರೆ. ಅಲ್ಲಿ ನಿಲ್ಲಬೇಡಿ ಮಾರಾಯ್ರೆ. ಕೋಣಗಳು ಗೆರೆ ದಾಟಿದ ಕೂಡಲೇ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ಏರು ಹತ್ತುತ್ತವೆ. ಹಿಡಿಯುವವರು ಓಡಿ ಬರುವ ದಾರಿಯೂ ಅದೇ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟವನಿಗೆ ಅಂತರ ಗೊತ್ತಾಗದು.

ಕರೆಯ ಉದ್ದದಲ್ಲಿ ಮೂರನೇ ಎರಡು ಭಾಗ ದಾಟಿದ ಮೇಲೆ, ಬದಿಯ ದಂಡೆಯ ಹೊರಗೆ, ಹಗ್ಗ ಅಥವಾ ಬೇಲಿಯ ಆಚೆ ನಿಲ್ಲಿ. ಅಷ್ಟು ಹೊತ್ತಿಗೆ ಕೋಣಗಳು ಪೂರ್ತಿ ವೇಗಕ್ಕೆ ಬಂದಿರುತ್ತವೆ, ಓರೆಯಾಗಿ ಮುಖವೂ ಸಿಗುತ್ತದೆ. ಇದು ಜೋಡುಕರೆ, ಅಂದರೆ ಅಕ್ಕಪಕ್ಕ ಎರಡು ಕರೆ; ಹಾಗಾಗಿ ಹತ್ತಿರದ ಕರೆಯ ನೀರು ಎದ್ದರೆ ಆಚೆ ಕರೆಯ ಜೋಡಿ ಮುಚ್ಚಿಹೋಗುತ್ತದೆ. ಸ್ವಲ್ಪ ಎತ್ತರದ ಜಾಗ ಸಿಕ್ಕಿದರೆ ಬಿಡಬೇಡಿ.

ಕೋಣ ಎಳೆಯುವ ಹಲಗೆಯ ಮೇಲೆ ನಿಂತು ಓಡಿಸುವ ಕನೆ ಹಲಗೆ ವಿಭಾಗಕ್ಕೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಯಾರು ಬೇಗ ಮುಟ್ಟಿದರು ಎಂಬುದು ಮುಖ್ಯವಲ್ಲ, ಹಲಗೆಯ ತೂತಿನಿಂದ ನೀರು ಎಷ್ಟು ಮೇಲೆ ಚಿಮ್ಮಿತು ಎಂಬುದು ಮುಖ್ಯ. ಆರೂವರೆ ಕೋಲು, ಏಳೂವರೆ ಕೋಲು (ಕೋಲು ಎಂದರೆ ಇಲ್ಲಿನ ಎತ್ತರದ ಅಳತೆ) ಎತ್ತರದಲ್ಲಿ ಕಟ್ಟಿದ ಬಟ್ಟೆಯ ನಿಶಾನೆಗೆ ನೀರು ತಾಗಬೇಕು. ಹಾಗಾಗಿ ನಿಶಾನೆಯ ನೇರಕ್ಕೆ ಬದಿಯಲ್ಲಿ ನಿಂತು ಕ್ಯಾಮೆರಾ ಉದ್ದುದ್ದ ಹಿಡಿಯಿರಿ. ಚೌಕಟ್ಟಿನ ಮೇಲ್ಭಾಗದಲ್ಲಿ ನಿಶಾನೆ, ಕೆಳಗೆ ಹಲಗೆ ಮೇಲೆ ನಿಂತವನು, ಎರಡೂ ಇರಬೇಕು. ನಿಶಾನೆ ಕತ್ತರಿಸಿಹೋದ ಚಿತ್ರ ಎಷ್ಟೇ ಶಾರ್ಪ್ ಇದ್ದರೂ ಊರಿನವರಿಗೆ ಅದು ಲೆಕ್ಕಕ್ಕಿಲ್ಲ.

ಮಂಗಳೂರಿನಿಂದ:
ಹಗಲಿನ ಸೆಟ್ಟಿಂಗ್. 2020ರಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಓಟ 13.62 ಸೆಕೆಂಡಿನಲ್ಲಿ ಮುಗಿದದ್ದು ಸುದ್ದಿಯಾಗಿತ್ತು. ಅಂದರೆ ಸೆಕೆಂಡಿಗೆ ಹತ್ತು ಮೀಟರಿಗಿಂತ ಹೆಚ್ಚು. ಶಟರ್ 1/500 ಸೆಕೆಂಡ್ ತೆರೆದಿದ್ದರೆ ಅಷ್ಟರೊಳಗೆ ಕೋಣ ಎರಡು ಸೆಂಟಿಮೀಟರ್ ಸರಿದಿರುತ್ತದೆ; 1/2000ರಲ್ಲಿ ಅರ್ಧ ಸೆಂಟಿಮೀಟರ್. ಹನಿ ಹನಿಯಾಗಿ ನೀರು ನಿಲ್ಲಬೇಕಾದರೆ 1/2000, ಎಫ್ 5.6, ಐಎಸ್ಒ ಆಟೊ.

ಎಕ್ಸ್‌ಪೋಶರ್ ಕೈಕೊಡುವುದು ಎಲ್ಲಿ ಗೊತ್ತೇ? ಚೌಕಟ್ಟಿನ ತುಂಬ ಕಪ್ಪು ಕೋಣ, ಮೀಟರ್ ಅದನ್ನು ಬೂದು ಮಾಡಲು ಹೋಗುತ್ತದೆ, ನೀರು ಬಿಳಿಚಿಹೋಗುತ್ತದೆ. ಎಕ್ಸ್‌ಪೋಶರ್ ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಮಾಡಿ, ರಾ ಫೈಲಿನಲ್ಲೇ ತೆಗೆಯಿರಿ. ಫೋಕಸ್ ಕೋಣದ ಕಣ್ಣಿಗೆ ಬೇಡ. ಎರಡು ತಲೆ ಅಕ್ಕಪಕ್ಕ ಇರುವಾಗ ಪ್ರಾಣಿಗಳ ಕಣ್ಣು ಹುಡುಕುವ ಆಟೊಫೋಕಸ್ ಒಂದರಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಚಿಕ್ಕ ಝೋನ್ ಇಟ್ಟು ಓಡಿಸುವವನ ಎದೆಗೋ ಮುಖಕ್ಕೋ ಹಿಡಿಯಿರಿ. ನಡುವೆ ನೀರು ಅಡ್ಡ ಬಂದರೂ ಫೋಕಸ್ ಬಿಡದ ಹಾಗೆ ಟ್ರ್ಯಾಕಿಂಗ್ ಮಂದ ಮಾಡಿಕೊಳ್ಳಿ.

ಗಂತಿನಿಂದಲೇ ಬರ್ಸ್ಟ್ (ಒಂದೇ ಸಮನೆ ಚಿತ್ರ ತೆಗೆಯುವುದು) ಒತ್ತಬೇಡಿ. ಸೆಕೆಂಡಿಗೆ ಹತ್ತು ಫ್ರೇಮ್ ಎಂದರೆ ಒಂದೇ ಓಟಕ್ಕೆ 130ಕ್ಕೂ ಹೆಚ್ಚು ಫೈಲ್. ನಿಮ್ಮ ಎದುರಿಗೆ ಬರುವ ಹೊತ್ತಿಗೆ ಕ್ಯಾಮೆರಾದ ತಾತ್ಕಾಲಿಕ ಮೆಮೊರಿಯಾದ ಬಫರ್ ತುಂಬಿ ಕ್ಯಾಮೆರಾ ಉಸಿರುಗಟ್ಟಿರುತ್ತದೆ. ಕೊನೆಯ ಎರಡು ಸೆಕೆಂಡು ಸಾಕು.

ಉಡುಪಿಯಿಂದ:
ಮೇಲಿನವರ 1/2000 ಸರಿಯೇ, ಆದರೆ ಎಲ್ಲ ಚಿತ್ರವೂ ಹಾಗೇ ಆದರೆ ಓಟವೇ ಕಾಣದೆ ಕೋಣ ಕೆಸರಲ್ಲಿ ನಿಂತ ಹಾಗಿರುತ್ತದೆ. 1/60ಕ್ಕೆ ಇಳಿಸಿ, ಕರೆಗೆ ಲಂಬಕೋನದಲ್ಲಿ ನಿಂತು, ಸೊಂಟದಿಂದ ತಿರುಗುತ್ತಾ ಕೋಣದ ಜೊತೆಗೇ ಕ್ಯಾಮೆರಾ ಸರಿಸಿ, ಅಂದರೆ ಪ್ಯಾನ್ ಮಾಡಿ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಆಗಲಿ.

ರಾತ್ರಿಯ ಓಟ ತಪ್ಪಿಸಬೇಡಿ. ಜನ ತುಂಬುವುದು, ಪೈಪೋಟಿ ಬಿಸಿಯಾಗುವುದು ಆಗಲೇ. 70-200 ಇರುವವರು ಎಫ್ 2.8, 1/800, ಐಎಸ್ಒ 6400ರಿಂದ ಶುರು ಮಾಡಿ. ಫ್ಲಡ್‌ಲೈಟುಗಳು ಎಲ್‌ಇಡಿಯಾದರೆ ಎಲೆಕ್ಟ್ರಾನಿಕ್ ಶಟರಿನಲ್ಲಿ ಅಡ್ಡಡ್ಡ ಪಟ್ಟಿ ಬರುತ್ತದೆ. ಮೆಕ್ಯಾನಿಕಲ್ ಶಟರಿಗೆ ಬದಲಿಸಿ, ಆ್ಯಂಟಿ ಫ್ಲಿಕರ್ ಹಾಕಿ. ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಬಿಟ್ಟರೆ ಒಂದೇ ಬರ್ಸ್ಟಿನಲ್ಲಿ ಮೂರು ಬಣ್ಣ ಕಾಣಬಹುದು, ಒಂದಕ್ಕೆ ಕಟ್ಟಿಹಾಕಿ. ಫ್ಲ್ಯಾಶ್ ಬೇಡವೇ ಬೇಡ: ಕೋಣ ಬೆದರಬಹುದು, ಹತ್ತಿರದ ಹನಿಗಳೆಲ್ಲ ಬಿಳಿ ಚುಕ್ಕೆಯಾಗುತ್ತವೆ. ಡ್ರೋನ್ ತರುವ ಯೋಚನೆಯಿದ್ದರೆ ಮೊದಲು ಕಂಬಳ ಸಮಿತಿಯವರನ್ನು ಕೇಳಿ, ಅವರು ಬೇಡವೆಂದರೆ ಅಲ್ಲಿಗೆ ಬಿಡಿ.

ಪುತ್ತೂರಿನಿಂದ:
ಕೆಸರಿನ ವಿಷಯ. ಅದು ಬರೀ ಮಣ್ಣಲ್ಲ, ಸಣ್ಣ ಮರಳೂ ಸೇರಿರುತ್ತದೆ. ಲೆನ್ಸಿಗೆ ಬಿದ್ದರೆ ಅಂಗಿಯ ತುದಿಯಿಂದ ಒರೆಸಿದಿರೋ, ಗೀರು ಗ್ಯಾರಂಟಿ. ಮೊದಲು ಬ್ಲೋವರ್, ಆಮೇಲೆ ಒದ್ದೆ ಬಟ್ಟೆಯನ್ನು ಒತ್ತಿ ಎತ್ತುವುದು, ಕೊನೆಗೆ ಮೈಕ್ರೊಫೈಬರ್. ಮುಂದೆ ಯುವಿ ಫಿಲ್ಟರ್ ಹಾಕಿ, ಕೊಳೆಯಾದರೆ ಅದನ್ನು ಬಿಚ್ಚಿ ನೀರಲ್ಲಿ ತೊಳೆಯಬಹುದು. ಝೂಮ್ ಉಂಗುರದ ಸಂದಿಗೆ ಮರಳು ಹೋದರೆ ಕಿರಕಿರ ಶುರು. ಅದಕ್ಕೆ ಮಳೆ ಹೊದಿಕೆ, ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತೂತು ಮಾಡಿ ರಬ್ಬರ್ ಬ್ಯಾಂಡ್. ಕರೆಯ ಬದಿಯಲ್ಲಿ ಲೆನ್ಸ್ ಬದಲಿಸಬೇಡಿ.

ಪ್ರಶ್ನೆ ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ಕಿಟ್ ಲೆನ್ಸಿನ ಇಬ್ಬರು ಸುಮ್ಮನೆ ನೋಡಿಕೊಂಡು ನಿಲ್ಲಬೇಕೇ?

ಕಾರ್ಕಳದಿಂದ:
ಅವರಿಗೇ ಜಾಸ್ತಿ ಕೆಲಸ! ಓಟಕ್ಕೆ ಮುಂಚೆ ಕೋಣಗಳಿಗೆ ಎಣ್ಣೆ ಹಚ್ಚುವುದು, ನೀರು ಹಾಕಿ ತಂಪು ಮಾಡುವುದು, ನೊಗ ಕಟ್ಟುವುದು, ಇವೆಲ್ಲ 18-55 ಕಿಟ್ ಲೆನ್ಸಿನ ಅಂತರದಲ್ಲೇ ಸಿಗುತ್ತವೆ. ಯಜಮಾನರನ್ನು ಕೇಳಿ ಹತ್ತಿರ ಹೋಗಿ, ಕೋಣದ ಹಿಂದಿನಿಂದ ಹೋಗಬೇಡಿ. ಐವರೂ ಒಂದೇ ಕಡೆ ನಿಂತು ಒಂದೇ ಚಿತ್ರ ಐದು ಸಲ ತರುವುದಕ್ಕಿಂತ, ಇಬ್ಬರು ಕೋಣ ಕಟ್ಟುವಲ್ಲಿ, ಇಬ್ಬರು ಬದಿಯ ದಂಡೆಯಲ್ಲಿ, ಒಬ್ಬರು ನಿಶಾನೆಯ ನೇರಕ್ಕೆ ಎಂದು ಹಂಚಿಕೊಳ್ಳಿ, ಎರಡು ಗಂಟೆಗೊಮ್ಮೆ ಜಾಗ ಬದಲಿಸಿ.

ಮಂಗಳೂರಿನಿಂದ:
ಪ್ರಯಾಣ: ಹಾಸನ, ಸಕಲೇಶಪುರ, ಶಿರಾಡಿ ಘಾಟಿ, ಬಿ.ಸಿ. ರೋಡ್ ಮೂಲಕ ಬನ್ನಿ. ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಆ ವರ್ಷದ ಕಂಬಳ ಪಟ್ಟಿ ನೋಡಿಯೇ ರೂಮ್ ಬುಕ್ ಮಾಡಿ. ಮೂಡುಬಿದಿರೆಯಲ್ಲಿ ರೂಮ್ ಸಿಗದಿದ್ದರೆ ಸುಮಾರು 18 ಕಿ.ಮೀ. ದೂರದ ಕಾರ್ಕಳ ನೋಡಿ. ಓಟ ರಾತ್ರಿಯಿಡೀ ನಡೆದು ಮರುದಿನಕ್ಕೂ ಎಳೆಯುತ್ತದೆ, ಆದ್ದರಿಂದ ಸರದಿಯಲ್ಲಿ ನಿದ್ದೆ ಮಾಡಿ. ಕಾರು ಓಡಿಸುವವನಿಗೆ ಮೊದಲ ಸರದಿ. ಬಿಡುವಿದ್ದರೆ ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿ, ಕಾರ್ಕಳದ 1432ರ ಗೊಮ್ಮಟ ಎರಡೂ ಹತ್ತಿರವೇ.

ಇನ್ನೊಂದು, ಮೈಕಿನಲ್ಲಿ ಹೇಳುವುದು ಹೆಚ್ಚಾಗಿ ತುಳುವಿನಲ್ಲಿ. ಮೂಡುಬಿದಿರೆಯ ಎರಡು ಕರೆಗಳಿಗೆ ಕೋಟಿ, ಚೆನ್ನಯ ಎಂದು ಹೆಸರು. ಯಾವ ಕರೆಯಲ್ಲಿ ಯಾರ ಕೋಣ ಎಂಬುದನ್ನು ಪ್ರತಿ ಓಟಕ್ಕೂ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಫೋನಿನ ಮತ್ತು ಕ್ಯಾಮೆರಾದ ಗಡಿಯಾರ ಮೊದಲೇ ಸರಿಹೊಂದಿಸಿ. ಆಮೇಲೆ ಶೀರ್ಷಿಕೆ ಬರೆಯುವಾಗ, ಯಜಮಾನರಿಗೆ ಫೋಟೊ ಕಳಿಸುವಾಗ ಅದೇ ಬೇಕಾಗುವುದು.