‘ಅನುಮೋದನೆ’ ಎಂದರೆ ಯಾರ ಅನುಮೋದನೆ?

ಪ್ರಶ್ನೆ: ಅಂತರರಾಷ್ಟ್ರೀಯ ಒಪ್ಪಂದಗಳ ಸುದ್ದಿಯಲ್ಲಿ ಬರುವ ‘ರ‍್ಯಾಟಿಫಿಕೇಶನ್’ಗೆ ಅನುಮೋದನೆ, ಸ್ಥಿರೀಕರಣ, ಅನುಸಮರ್ಥನೆ ಎಂಬ ಮೂರು ಪದ ಕಾಣುತ್ತೇನೆ. ಯಾವುದು ಸರಿ? ಸಹಿ ಹಾಕಿದ ಮೇಲೂ ಇದೇಕೆ ಬೇಕು?

ಉತ್ತರ: ಒಪ್ಪಂದಕ್ಕೆ ಕಟ್ಟುಬೀಳುತ್ತೇವೆಂದು ದೇಶ ವಿಧ್ಯುಕ್ತವಾಗಿ ಸಾರುವ ಈ ಹೆಜ್ಜೆಗೆ ಅನುಸಮರ್ಥನೆಯನ್ನೇ ಬಳಸಿ. ಅನುಮೋದನೆ ತಪ್ಪಲ್ಲ, ಆದರೆ ಸಂಪುಟ, ಸಂಸತ್ತು, ಸಮಿತಿ ಎಲ್ಲವೂ ಕೊಡುವುದು ಅನುಮೋದನೆಯನ್ನೇ. ಪ್ಯಾರಿಸ್ ಹವಾಮಾನ ಒಪ್ಪಂದವನ್ನು ನೋಡಿ. ಅದರ ಪಠ್ಯ ಅಂಗೀಕಾರವಾದದ್ದು 2015ರ ಡಿಸೆಂಬರ್ 12ರಂದು. ಭಾರತ ಸಹಿ ಹಾಕಿದ್ದು 2016ರ ಏಪ್ರಿಲ್ 22ರಂದು. ಕೇಂದ್ರ ಸಂಪುಟ ಒಪ್ಪಿದ್ದು ಸೆಪ್ಟೆಂಬರ್ 28ರಂದು, ಅನುಸಮರ್ಥನಾ ಪತ್ರ ವಿಶ್ವಸಂಸ್ಥೆಯ ಕೈ ಸೇರಿದ್ದು ಅಕ್ಟೋಬರ್ 2ರಂದು. ಕೊನೆಯ ಎರಡಕ್ಕೂ ‘ಅನುಮೋದನೆ’ ಎಂದು ಬರೆದರೆ ಭಾರತ ಯಾವತ್ತು ಕಟ್ಟುಬಿತ್ತು ಎಂಬುದೇ ಓದುಗರಿಗೆ ತಿಳಿಯದು. ಕಟ್ಟುಬೀಳಲು ಒಪ್ಪಿದ್ದನ್ನು ಹೊರಜಗತ್ತಿಗೆ ಸಾರುವುದು ಆ ಪತ್ರವೇ. ಸಂಪುಟದ ತೀರ್ಮಾನ ಮನೆಯೊಳಗಿನ ಹೆಜ್ಜೆ. ಸ್ಥಿರೀಕರಣವನ್ನು ಬಿಡುವುದು ಒಳ್ಳೆಯದು. ಸಾರಜನಕ ಸ್ಥಿರೀಕರಣದಿಂದಾಗಿ ಅದು ಆಗಲೇ ವಿಜ್ಞಾನದ ಪಾಲಾಗಿದೆ.

ಇನ್ನು ಸಹಿ. ಅನುಸಮರ್ಥನೆ ಬೇಡುವ ಒಪ್ಪಂದಗಳಲ್ಲಿ ಸಹಿಯಿಂದ ದೇಶ ಪೂರ್ತಿ ಕಟ್ಟುಬೀಳುವುದಿಲ್ಲ. ಒಪ್ಪಂದದ ಉದ್ದೇಶಕ್ಕೇ ಕೊಡಲಿ ಹಾಕುವಂತೆ ನಡೆಯಬಾರದು, ಅಷ್ಟೆ. ಚಿತ್ರಹಿಂಸೆ ವಿರೋಧಿ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ, ಅನುಸಮರ್ಥಿಸಿಲ್ಲ. ಹಾಗಾಗಿ ಅದರ ವಿಷಯದಲ್ಲಿ ‘ಭಾರತ ಒಪ್ಪಿಕೊಂಡಿದೆ’ ಎಂಬ ವಾಕ್ಯ ದಾರಿ ತಪ್ಪಿಸುತ್ತದೆ. ಆದರೆ ಎಷ್ಟೋ ದ್ವಿಪಕ್ಷೀಯ ಒಪ್ಪಂದಗಳು ಸಹಿ ಬಿದ್ದ ದಿನವೇ ಜಾರಿಗೆ ಬರುತ್ತವೆ. ಬರೆಯುವ ಮೊದಲು ಒಪ್ಪಂದದ ಕೊನೆಯ ವಿಧಿಗಳನ್ನು ಓದಲೇಬೇಕು.

ಸಹಿಯ ಹಂತವೇ ಇಲ್ಲದೆ ನೇರವಾಗಿ ಒಳಬರುವುದಕ್ಕೆ ‘ಸೇರ್ಪಡೆ’ ಸಾಕು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಬಂದದ್ದು ಹೀಗೆ. ಅಲ್ಲಿ ‘ಸಹಿ ಹಾಕಿತು’ ಎಂದರೆ ತಪ್ಪೇ.

ಕರ್ತೃಪದವೂ ಎಡವಿಸುತ್ತದೆ. ‘ಅಮೆರಿಕದ ಸೆನೆಟ್ ಅನುಸಮರ್ಥಿಸಿತು’ ಎಂದು ಬರೆಯುತ್ತೇವೆ. ಸೆನೆಟ್ ಮೂರನೇ ಎರಡು ಬಹುಮತದಿಂದ ಕೊಡುವುದು ಸಮ್ಮತಿ, ಅನುಸಮರ್ಥಿಸುವವರು ಅಧ್ಯಕ್ಷರು. ಅಣ್ವಸ್ತ್ರ ಪರೀಕ್ಷೆಗಳ ಸಮಗ್ರ ನಿಷೇಧ ಒಪ್ಪಂದಕ್ಕೆ 1999ರಲ್ಲಿ ಸಿಗದೇ ಹೋದದ್ದು ಆ ಸಮ್ಮತಿ. ನಮ್ಮಲ್ಲಿ ಪತ್ರಕ್ಕೆ ರಾಷ್ಟ್ರಪತಿಯವರ ಸಹಿ ಬೀಳುತ್ತದೆ. ಅದಕ್ಕೆ ಸಂಸತ್ತಿನ ಮತ ಬೇಕಿಲ್ಲ. ಒಪ್ಪಂದಕ್ಕಾಗಿ ದೇಶದ ಕಾನೂನು ಬದಲಾಗಬೇಕಿದ್ದರೆ ಮಾತ್ರ ಸಂವಿಧಾನದ 253ನೇ ವಿಧಿಯಡಿ ಸಂಸತ್ತು ಶಾಸನ ಮಾಡುತ್ತದೆ.

ಪ್ರಶ್ನೆ: ಹಾಗಾದರೆ ‘ಜಾರಿ’?

ಉತ್ತರ: ಅದಕ್ಕೂ ಎರಡು ಮುಖ. ಒಪ್ಪಂದಕ್ಕೆ ಕಾನೂನಿನ ಬಲ ಬಂದರೆ ‘ಜಾರಿಗೆ ಬಂತು’, ದೇಶಗಳು ಅದರಂತೆ ಕೆಲಸ ಮಾಡಿದರೆ ‘ಅನುಷ್ಠಾನ’ ಎನ್ನಿ. ಪ್ಯಾರಿಸ್ ಒಪ್ಪಂದ ಜಾರಿಗೆ ಬರಲು ಕನಿಷ್ಠ 55 ಪಕ್ಷದೇಶಗಳು ಅನುಸಮರ್ಥಿಸಬೇಕು, ಜಗತ್ತು ಹೊರಬಿಡುವ ಹಸಿರುಮನೆ ಅನಿಲಗಳಲ್ಲಿ ಅವುಗಳ ಪಾಲು ಕನಿಷ್ಠ ಶೇ 55 ಇರಬೇಕು ಎಂಬ ಎರಡು ಷರತ್ತಿದ್ದವು. 2016ರ ಅಕ್ಟೋಬರ್ 5ರಂದು ಎರಡೂ ಪೂರೈಸಿ, 30 ದಿನ ಕಳೆದು ನವೆಂಬರ್ 4ರಂದು ಅದು ಜಾರಿಗೆ ಬಂತು. ಅನುಷ್ಠಾನ ಇನ್ನೂ ನಡೆಯುತ್ತಿದೆ.