ಪಿ0171 ಕೋಡ್ ಬಂದಿದೆ, ಆಕ್ಸಿಜನ್ ಸೆನ್ಸರ್ ಬದಲಿಸಲೇಬೇಕಾ?

ಪ್ರಶ್ನೆ: 2016ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 78,000 ಕಿ.ಮೀ. ಓಡಿದೆ. ಚೆಕ್ ಎಂಜಿನ್ ಲೈಟ್ ಆರುತ್ತಿಲ್ಲ. ಐಡ್ಲಿಂಗ್‌ನಲ್ಲಿ ನಡುಗುತ್ತೆ, ರೋಡಲ್ಲಿ ಸರಿಯಾಗೇ ಓಡುತ್ತೆ. ಸ್ಕ್ಯಾನರ್‌ನಲ್ಲಿ ಪಿ0171 ಬಂತು. ಮೆಕ್ಯಾನಿಕ್ ಆಕ್ಸಿಜನ್ ಸೆನ್ಸರ್ ಹಾಕಿಸಿ ಅಂತಿದ್ದಾರೆ. ಅದಕ್ಕೂ ಮುಂಚೆ ಏನು ನೋಡಬೇಕು?

ಉತ್ತರ 1: ಸೆನ್ಸರ್ ಈಗಲೇ ಕೊಳ್ಳಬೇಡಿ ಸರ್. ಪಿ0171 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎಂದು ಅರ್ಥ. ಎಕ್ಸಾಸ್ಟ್ ಪೈಪಿನಲ್ಲಿ ಕೂತು ಅದನ್ನು ಕಂಡು ವರದಿ ಮಾಡುವುದೇ ಆಕ್ಸಿಜನ್ ಸೆನ್ಸರ್. ಅದರ ಹೀಟರ್ ಹೋಗಿದ್ದರೆ ಪಿ0135, ಅದು ನಿಧಾನವಾಗಿದ್ದರೆ ಪಿ0133 ಬರಬೇಕಿತ್ತು. ಮೊದಲು ಫ್ರೀಜ್ ಫ್ರೇಮ್ ಡೇಟಾ ಬರೆದಿಟ್ಟುಕೊಳ್ಳಿ. ಕೋಡ್ ಬಿದ್ದ ಕ್ಷಣದ ಆರ್‌ಪಿಎಂ, ಲೋಡ್, ಕೂಲಂಟ್ ಬಿಸಿ ಎಲ್ಲ ಅದರಲ್ಲಿರುತ್ತೆ, ಕೋಡ್ ಅಳಿಸಿದರೆ ಅದೂ ಹೋಗುತ್ತೆ.

ಆಮೇಲೆ ಫ್ಯೂಯಲ್ ಟ್ರಿಮ್ ನೋಡಿ, ಅಂದರೆ ಮಿಶ್ರಣ ಸರಿದೂಗಿಸಲು ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು (ಪ್ಲಸ್) ಅಥವಾ ಕಡಿಮೆ (ಮೈನಸ್) ಮಾಡುತ್ತಿದೆ ಎಂಬ ಲೆಕ್ಕ. ಎಂಜಿನ್ 80 ಡಿಗ್ರಿ ದಾಟಿ ಬಿಸಿಯಾಗಲಿ, ಎಸಿ ಆಫ್ ಇರಲಿ. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ, ಒಮ್ಮೆ ಐಡ್ಲಿಂಗ್‌ನಲ್ಲಿ, ಒಮ್ಮೆ 2,500 ಆರ್‌ಪಿಎಂನಲ್ಲಿ. ಮೊತ್ತ ಪ್ಲಸ್ ಅಥವಾ ಮೈನಸ್ 10%ರೊಳಗೆ ಇದ್ದರೆ ಚಿಂತೆಯಿಲ್ಲ. ಐಡ್ಲಿಂಗ್‌ನಲ್ಲಿ ಮಾತ್ರ ಜಾಸ್ತಿ ಇದ್ದು ಆರ್‌ಪಿಎಂ ಏರಿದಾಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ. ಅದೇ ಲೋಡ್ ಬಿದ್ದಷ್ಟೂ ಟ್ರಿಮ್ ಏರುತ್ತಾ ಹೋದರೆ ಫ್ಯೂಯಲ್ ಪಂಪ್ ಒತ್ತಡ, ಕಟ್ಟಿಕೊಂಡ ಫ್ಯೂಯಲ್ ಫಿಲ್ಟರ್, ಇಲ್ಲವೇ ಒಳಬರುವ ಗಾಳಿ ಅಳೆಯುವ, ಕೊಳೆಯಾದ ಮಾಸ್ ಏರ್‌ಫ್ಲೋ ಸೆನ್ಸರ್ ಕಡೆ ನೋಡಿ.

ಉತ್ತರ 2: ಮೇಲಿನ ಲೆಕ್ಕ ಎಲ್ಲ ಗಾಡಿಗೂ ಹೊಂದಲ್ಲ. ಏರ್ ಫಿಲ್ಟರ್ ಡಬ್ಬದ ನಂತರದ ಪೈಪಿನಲ್ಲಿ ಸೆನ್ಸರ್ ಇದ್ದರೆ (ಮಾಸ್ ಏರ್‌ಫ್ಲೋ) ಸರಿ: ಅದರ ಆಚೆ ನುಗ್ಗಿದ ಗಾಳಿ ಅಳತೆಗೆ ಸಿಗುವುದಿಲ್ಲ, ಮಿಶ್ರಣ ತೆಳುವಾಗುತ್ತೆ. ನಮ್ಮಲ್ಲಿ ಓಡುವ ಅನೇಕ ಸಣ್ಣ ಕಾರುಗಳಲ್ಲಿ ಇರೋದು ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಮಾತ್ರ. ಸೋರಿಕೆಯಿಂದ ಅಲ್ಲಿ ಒತ್ತಡವೇ ಏರುವುದರಿಂದ ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಕೊಟ್ಟುಬಿಡುತ್ತೆ, ಟ್ರಿಮ್ ಅಷ್ಟಾಗಿ ಏರದೆ ಐಡ್ಲಿಂಗ್ ಏರುತ್ತೆ.

ಮ್ಯಾಪ್ ಸೆನ್ಸರ್ ಪರೀಕ್ಷೆಗೆ ಖರ್ಚಿಲ್ಲ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ರೀಡಿಂಗ್ ನೋಡಿ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು: ಮಂಗಳೂರಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಬೆಂಗಳೂರಲ್ಲಿ ಎತ್ತರದಿಂದಾಗಿ ಸುಮಾರು 91. ಬೆಂಗಳೂರಲ್ಲಿ 80 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಸಿಯು ಕಡಿಮೆ ಪೆಟ್ರೋಲ್ ಕೊಡುತ್ತಿದೆ.

ಪ್ರಶ್ನೆ ಕೇಳಿದವರು: ಪೈಪಿನಲ್ಲಿ ಏರ್‌ಫ್ಲೋ ಸೆನ್ಸರ್ ಇದೆ. ಐಡ್ಲಿಂಗ್‌ನಲ್ಲಿ ಮೊತ್ತ ಪ್ಲಸ್ 23%, 2,500ರಲ್ಲಿ ಪ್ಲಸ್ 5%.

ಉತ್ತರ 3: ಹಾಗಾದರೆ ಇದು ಗಾಳಿ ಸೋರಿಕೆಯೇ. ಏರ್‌ಫ್ಲೋ ಸೆನ್ಸರ್‌ನಿಂದ ಥ್ರಾಟಲ್‌ವರೆಗಿನ ರಬ್ಬರ್ ಪೈಪನ್ನು ಬಗ್ಗಿಸಿ ನೋಡಿ, ಮಡಿಕೆಗಳ ಒಳಗೆ ಸೀಳು ಅಡಗಿರುತ್ತೆ. ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಹೋಸ್‌ನ ತಿರುವಿನಲ್ಲಿ ಆಯಿಲ್‌ನಿಂದ ರಬ್ಬರ್ ಮೆತ್ತಗಾಗಿ ಹರಿದಿರುತ್ತೆ. ಆಯಿಲ್ ಕ್ಯಾಪ್, ಡಿಪ್‌ಸ್ಟಿಕ್ ಸರಿಯಾಗಿ ಕೂತಿವೆಯಾ ಅಂತಲೂ ನೋಡಿ.

ಗಾಡಿ ನಿಂತಿರುವಾಗ, ಐಡ್ಲಿಂಗ್‌ನಲ್ಲೇ, ಮ್ಯಾನಿಫೋಲ್ಡ್‌ಗೆ ಹೋಗುವ ಮೆತ್ತನೆಯ ಹೋಸ್‌ಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಹಿಸುಕಿ, ಶಾರ್ಟ್ ಟರ್ಮ್ ಟ್ರಿಮ್ ಮೇಲೆ ಕಣ್ಣಿಡಿ. ಯಾವುದನ್ನು ಹಿಸುಕಿದಾಗ ಟ್ರಿಮ್ ದಢಕ್ಕನೆ ಇಳಿಯುತ್ತೋ ಸೋರಿಕೆ ಆ ದಾರಿಯಲ್ಲಿದೆ. ಬ್ರೇಕ್ ಬೂಸ್ಟರ್ ಹೋಸ್‌ನಲ್ಲಿ ಹಾಗಾದರೆ ಬ್ರೇಕ್‌ನ ಪ್ರಶ್ನೆ, ಮುಂದೂಡಬೇಡಿ. ಪರ್ಜ್ ವಾಲ್ವ್ (ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಕ್ಯಾನಿಸ್ಟರ್ ಎಂಬ ಡಬ್ಬದಿಂದ ಎಂಜಿನ್‌ಗೆ ಬಿಡುವುದು) ಬಹಳ ಜನಕ್ಕೆ ನೆನಪಾಗಲ್ಲ: ಅದರ ವೈರ್ ಕಪ್ಲರ್ ಬಿಚ್ಚಿ, ಕ್ಯಾನಿಸ್ಟರ್ ಕಡೆಯ ಹೋಸ್ ತೆಗೆದು ವಾಲ್ವ್ ಬಾಯಿಗೆ ಬೆರಳಿಡಿ. ಎಳೆತ ಇದ್ದರೆ ವಾಲ್ವ್ ಮುಚ್ಚದೆ ನಿಂತಿದೆ.

ಸೋರಿಕೆ ಹುಡುಕಲು ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್, ಪೆಟ್ರೋಲ್ ಚಿಮುಕಿಸಬೇಡಿ, ಬೆಂಕಿ ಹತ್ತುತ್ತೆ. ಹೋಸ್‌ಗಳಲ್ಲಿ ಏನೂ ಸಿಗದಿದ್ದರೆ ಇನ್‌ಟೇಕ್ ಗ್ಯಾಸ್ಕೆಟ್ ಇರಬಹುದು, ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಊದಿ ಎಲ್ಲಿ ಹೊರಬರುತ್ತೆ ಅಂತ ನೋಡುವುದು) ಮಾಡಿಸಿ.

ಉತ್ತರ 4: ಎರಡು ಸೇರಿಸುತ್ತೇನೆ. ಆಕ್ಸಿಜನ್ ಸೆನ್ಸರ್‌ಗೂ ಮುಂಚೆ ಎಕ್ಸಾಸ್ಟ್ ಸೋರಿದರೂ ಹೊರಗಿನ ಗಾಳಿ ಒಳಗೆ ಬಂದು ಸುಳ್ಳೇ ‘ತೆಳು’ ಅನಿಸುತ್ತೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಗ್ಯಾಸ್ಕೆಟ್ ಹತ್ತಿರ ಮಸಿ ಇದ್ದರೆ ಗಮನಿಸಿ. ಇನ್ನೊಂದು ಇ20, ಅಂದರೆ 20% ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್‌ಗೆ ಇಂಧನ ಜಾಸ್ತಿ ಬೇಕು, ಹಳೆಯ ಗಾಡಿಯಲ್ಲಿ ಟ್ರಿಮ್ ಕೆಲವು ಶೇಕಡಾ ಮೇಲಿರೋದು ಸಹಜ. ಆದರೆ ಅದು ಎಲ್ಲ ಆರ್‌ಪಿಎಂನಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತೆ. ನಿಮ್ಮ 23%ಕ್ಕೆ ಅದೇ ಕಾರಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ.

ಆಕ್ಸಿಜನ್ ಸೆನ್ಸರ್ ಬಗ್ಗೆ ಅನುಮಾನ ಉಳಿದರೆ ಗ್ರಾಫ್ ಹಾಕಿ ನೋಡಿ. ಹಳೆಯ ಮಾದರಿಯ, ಎಂಜಿನ್ ಕಡೆಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಬೇಗಬೇಗ ಕುಣಿಯಬೇಕು. ಅದರ ಬದಲು ಹೊಸ ಮಾದರಿಯ ಏರ್-ಫ್ಯೂಯಲ್ ಸೆನ್ಸರ್ ಇರುವ ಗಾಡಿಗೆ ಈ ಅಳತೆ ಅನ್ವಯಿಸಲ್ಲ.

ಉತ್ತರ 5: ಬೇರೆ ಕೋಡ್ ಬಂದವರಿಗೆ: ಪಿ0118 (ಕೂಲಂಟ್ ತಾಪದ ಸೆನ್ಸರ್) ಅಥವಾ ಪಿ0113 (ಒಳಬರುವ ಗಾಳಿಯ ತಾಪದ ಸೆನ್ಸರ್) ಬಂದು ತಾಪಮಾನ ಮೈನಸ್ 40 ಡಿಗ್ರಿ ತೋರಿಸಿದರೆ ವೈರ್ ತುಂಡಾಗಿದೆ ಇಲ್ಲವೇ ಕಪ್ಲರ್ ಬಿಟ್ಟಿದೆ ಅನ್ನೋದನ್ನೇ ಮೊದಲು ನೋಡಿ. ಇಲಿ ಕಡಿದ ವೈರಿಗೆ ಹೊಸ ಸೆನ್ಸರ್ ಹಾಕಿದ ಗಾಡಿಗಳು ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಲೈಟ್ ಮಿನುಗುತ್ತಿದ್ದರೆ ಮಾತ್ರ ಗಾಡಿ ಪಕ್ಕಕ್ಕೆ ಹಾಕಿ: ಮಿಸ್‌ಫೈರ್ ಆಗಿ ಸುಡದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಸೇರಿ ಅದನ್ನೇ ಕರಗಿಸುತ್ತೆ.

ನಿಮ್ಮದಕ್ಕೆ, ರಿಪೇರಿ ಆದ ಮೇಲೆ ಕೋಡ್ ಅಳಿಸಿ, ಎರಡು ಮೂರು ದಿನ ಊರೊಳಗೂ ಹೈವೇಯಲ್ಲೂ ಓಡಿಸಿ ಐಡ್ಲಿಂಗ್ ಟ್ರಿಮ್ ಮತ್ತೆ ಅಳೆಯಿರಿ. ಪೆಂಡಿಂಗ್ ಕೋಡ್ ಪಟ್ಟಿಯನ್ನೂ ತೆರೆದು ನೋಡಿ, ದೋಷ ಮರಳಿದ್ದರೆ ಲೈಟ್ ಹೊತ್ತುವ ಮುಂಚೆಯೇ ಅಲ್ಲಿ ಕಾಣಿಸಿಕೊಳ್ಳುತ್ತೆ.